ಹನ್ನೊಂದು ಗಂಟೆ ಹದಿನಾಲ್ಕು ನಿಮಿಷ

2023ರ ಡಿಸೆಂಬರ್. ಬೋಧನಾಭ್ಯಾಸದ ಮೂರನೆಯ ವಾರ ಮುಗಿಯುತ್ತಿತ್ತು. ಉಪನ್ಯಾಸಕರ ಕೊಠಡಿಯಲ್ಲಿ ಪಾಠ ವೀಕ್ಷಣಾ ಪುಸ್ತಕಗಳ ರಾಶಿಯ ಮುಂದೆ ಕುಳಿತಿದ್ದಾಗ ಮೊಬೈಲಿಗೆ ಒಂದು ಸಂದೇಶ ಬಂತು. ನನ್ನ ಕಾರಿನ ನೋಂದಣಿ ಸಂಖ್ಯೆ, ಒಂಬತ್ತು ದಿನ ಹಿಂದಿನ ದಿನಾಂಕ, ಬೆಂಗಳೂರಿನ ಒಂದು ವೃತ್ತದ ಹೆಸರು, 'ಸಿಗ್ನಲ್ ಜಂಪ್' ಎಂಬ ಎರಡು ಪದ, ಐನೂರು ರೂಪಾಯಿ ದಂಡ.

ಓದಿದ ಕೂಡಲೇ ನನ್ನ ಬಾಯಿಂದ ಬಂದ ಮಾತು, "ಸಾಧ್ಯವೇ ಇಲ್ಲ" ಎಂಬುದು. ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಬಸವನಗುಡಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಪಾಠ ವೀಕ್ಷಿಸಿ, ಬನಶಂಕರಿ ಕಡೆಯ ಇನ್ನೊಂದು ಶಾಲೆಗೆ ಹೊರಟಿದ್ದೆ. ನಡುವಿನ ದೊಡ್ಡ ಸಿಗ್ನಲಿನಲ್ಲಿ ದೀಪ ಹಳದಿ ಇದ್ದದ್ದೂ ನೆನಪಿತ್ತು. ಹಳದಿಯಲ್ಲಿ ದಾಟಿದ್ದೆ. ಕೆಂಪು ನೋಡಿಯೇ ಇರಲಿಲ್ಲ.

ಸಹೋದ್ಯೋಗಿಗಳು ನನ್ನ ಪರವಾಗಿಯೇ ನಿಂತರು. ಒಬ್ಬರು, "ನಮ್ಮ ಭಾವನ ಕಾರಿನ ನಂಬರಿಗೆ ಯಾರದೋ ಸ್ಕೂಟರಿನ ದಂಡ ಬಂದಿತ್ತು ಮೇಡಂ, ಎಂಟನ್ನು ಮೂರು ಅಂತ ಓದಿತ್ತಂತೆ ಕ್ಯಾಮೆರಾ" ಎಂದರು. ಇನ್ನೊಬ್ಬರು, "ಈಗಲೇ ಕಟ್ಟಬೇಡಿ. ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಿರಲಿಲ್ಲವೇ? ಮತ್ತೆ ಕೊಡ್ತಾರೆ" ಎಂದರು. ನಿಜ, ಆ ವರ್ಷ ಬಾಕಿ ದಂಡಕ್ಕೆ ಶೇಕಡಾ 50ರ ರಿಯಾಯಿತಿ ಬಂದಾಗ ಜನ ಸಾಲುಗಟ್ಟಿ ನಿಂತು ಕಟ್ಟಿದ್ದರು. ಆದರೆ ನನಗೆ ದುಡ್ಡಿನ ಚಿಂತೆ ಇರಲಿಲ್ಲ. ಮಾಡದ ತಪ್ಪನ್ನು ಮಾಡಿದ್ದೀಯೆ ಎಂದು ಯಾರೋ ಬರೆದಿಟ್ಟಿದ್ದಾರಲ್ಲ, ಅದು ಚುಚ್ಚಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಆಗ ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದಿರಲಿಲ್ಲ. ಅದೇ ವಾರದ ಸೋಮವಾರ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳು ವೀಕ್ಷಣಾ ಪುಸ್ತಕ ಹಿಡಿದು ನನ್ನ ಹತ್ತಿರ ಬಂದಿದ್ದಳು. ಬಸವನಗುಡಿಯ ಶಾಲೆಯಲ್ಲಿ ಆ ದಿನ ನಾನು ನೋಡಿದ್ದು ಅವಳ ಪಾಠವನ್ನೇ. ಹತ್ತನೆಯ ತರಗತಿ, ಗೋಳೀಯ ದರ್ಪಣಗಳು. 10:40ರಿಂದ 11:20ರವರೆಗಿನ ಅವಧಿ. ನಾನು ಷರಾದಲ್ಲಿ ಹೀಗೆ ಬರೆದಿದ್ದೆ: "ವಿಷಯ ಮಂಡನೆ ಚೆನ್ನಾಗಿದೆ. ಮೌಲ್ಯಮಾಪನ ಹಂತಕ್ಕೆ ಸಮಯ ಉಳಿಸಿಕೊಂಡಿಲ್ಲ. ಸಮಯಪ್ರಜ್ಞೆ ಬೆಳೆಸಿಕೊಳ್ಳಬೇಕು." ಐದು 'ಇ'ಗಳ ಪಾಠಯೋಜನೆಯಲ್ಲಿ ಕೊನೆಯ 'ಇ' ಇಲ್ಲದಿದ್ದರೆ ಅಂಕ ಎಷ್ಟು ಇಳಿಯುತ್ತದೆಂದು ಓದುಗರಿಗೆ ಹೇಳಬೇಕಾಗಿಲ್ಲ.

"ಮೇಡಂ, ನೀವು ಹೋದ ಮೇಲೆ ಮೌಲ್ಯಮಾಪನ ಮಾಡಿದೆ" ಎಂದಿದ್ದಳು ಅವಳು, ತಲೆ ತಗ್ಗಿಸಿಯೇ.

"ನಾನು ಎದ್ದಾಗ ಗಂಟೆ ಹೊಡೆಯೋದಕ್ಕೆ ಐದು ನಿಮಿಷ ಇತ್ತು ಕಣಮ್ಮ. ಐದು ನಿಮಿಷದಲ್ಲಿ ಏನು ಮೌಲ್ಯಮಾಪನ?" ಎಂದಿದ್ದೆ. ಅವಳು ಏನೋ ಹೇಳಹೊರಟು ನಿಲ್ಲಿಸಿ, "ಸರಿ ಮೇಡಂ" ಎಂದು ಪುಸ್ತಕ ಮಡಿಸಿಕೊಂಡು ಹೋಗಿದ್ದಳು. ತಪ್ಪನ್ನು ಒಪ್ಪಿಕೊಳ್ಳುವ ಗುಣ ಈಗಿನ ಮಕ್ಕಳಲ್ಲಿ ಕಡಿಮೆ ಎಂದು ನನ್ನಲ್ಲೇ ಅಂದುಕೊಂಡಿದ್ದೆ.

ಈಗ ದಂಡದ ಕಥೆಗೆ ಬರುತ್ತೇನೆ. ನಾನು ಭೌತಶಾಸ್ತ್ರ ಬೋಧನಾ ವಿಧಾನವನ್ನು ಕಲಿಸುವವಳು. ಸಾಕ್ಷ್ಯ ನೋಡದೆ ತೀರ್ಮಾನಕ್ಕೆ ಬರಬೇಡಿ ಎಂದು ಪ್ರತಿ ವರ್ಷ ಹೇಳುತ್ತೇನೆ. ಆದ್ದರಿಂದ ನನ್ನ ನಿರಪರಾಧಿತ್ವವನ್ನು ಕ್ರಮವಾಗಿ ಸಾಧಿಸಿ ತೋರಿಸಲು ಹೊರಟೆ. ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆ, 1988ರ 119ನೆಯ ಪ್ರಕರಣ ಸಂಚಾರ ಚಿಹ್ನೆಗಳನ್ನು ಪಾಲಿಸುವುದು ಚಾಲಕನ ಕರ್ತವ್ಯ ಎನ್ನುತ್ತದೆ. 2019ರ ತಿದ್ದುಪಡಿಯಾದ ಮೇಲೆ 184ನೆಯ ಪ್ರಕರಣದ ವಿವರಣೆಯಲ್ಲಿ ಕೆಂಪು ದೀಪ ದಾಟುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿಸಿದ್ದಾರೆ. ಐನೂರು ರೂಪಾಯಿಯ ಸಣ್ಣ ವಿಷಯ ಎಂದುಕೊಂಡಿದ್ದ ನನಗೆ 'ಅಪಾಯಕಾರಿ' ಎಂಬ ಪದ ಸ್ವಲ್ಪ ಕಸಿವಿಸಿ ಮಾಡಿತು.

ಆಮೇಲೆ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮ. ಕ್ಯಾಮೆರಾ ಮೂಲಕ ದಾಖಲಿಸುವ ತಪ್ಪುಗಳಿಗೆ ಸಂಬಂಧಿಸಿದ್ದು. ಇದನ್ನು ಓದುವಾಗ ನಾನು ಹುಡುಕುತ್ತಿದ್ದುದು ತಪ್ಪಿಸಿಕೊಳ್ಳುವ ಕಿಂಡಿಯನ್ನು. ಉಪಕರಣಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು. ಕ್ಯಾಮೆರಾ ಇದೆ ಎಂದು ತಿಳಿಸುವ ಫಲಕ ರಸ್ತೆಯಲ್ಲಿರಬೇಕು. ತಪ್ಪು ನಡೆದ 15 ದಿನದೊಳಗೆ ಸೂಚನೆ ಕಳಿಸಬೇಕು. ತಪ್ಪನ್ನೂ ವಾಹನದ ಸಂಖ್ಯಾಫಲಕವನ್ನೂ ಸ್ಪಷ್ಟವಾಗಿ ತೋರಿಸುವ ಚಿತ್ರ, ದಿನಾಂಕ, ಸಮಯ, ಸ್ಥಳ, ಯಾವ ನಿಯಮ ಮುರಿದದ್ದು ಎಂಬ ವಿವರ, ಎಲ್ಲವೂ ಜೊತೆಗಿರಬೇಕು. ದಂಡ ಒಪ್ಪದವರು ನ್ಯಾಯಾಲಯದ ಮುಂದೆ ಹೇಳಿಕೊಳ್ಳಬಹುದು. ನನಗೆ ಒಂಬತ್ತನೆಯ ದಿನಕ್ಕೇ ಸಂದೇಶ ಬಂದಿತ್ತು. ಆ ಸಿಗ್ನಲಿಗೆ ಮುಂಚೆ ಫಲಕವಿದ್ದದ್ದನ್ನು ಎಷ್ಟೋ ಸಲ ನೋಡಿದ್ದೆ. ಕಿಂಡಿ ಸಿಗಲಿಲ್ಲ.

ಇನ್ನು ಉಳಿದದ್ದು ಭೌತಶಾಸ್ತ್ರ. ಹಳದಿ ದೀಪ ತೀರಾ ಕಡಿಮೆ ಹೊತ್ತು ಉರಿಯುತ್ತದೆ, ಅಷ್ಟರಲ್ಲಿ ನಿಲ್ಲಿಸಲೂ ಆಗದು, ದಾಟಲೂ ಆಗದು ಎಂದು ತೋರಿಸಿದರೆ ಗೆದ್ದಂತೆ. ಇದು ನನ್ನ ಸ್ವಂತ ಕಲ್ಪನೆಯೇನಲ್ಲ. 1960ರಲ್ಲಿ ಡೆನೋಸ್ ಗಾಜಿಸ್, ರಾಬರ್ಟ್ ಹರ್ಮನ್, ಅಲೆಕ್ಸಿ ಮಾರದುದಿನ್ ಎಂಬ ಮೂವರು ಈ ಹಳದಿ ದೀಪದ ಸಮಸ್ಯೆಯನ್ನೇ ಎತ್ತಿಕೊಂಡು ಒಂದು ಸಂಶೋಧನ ಪ್ರಬಂಧ ಪ್ರಕಟಿಸಿದ್ದರು. ಶನಿವಾರ ಸಂಜೆ ಆ ವೃತ್ತದ ಪಾದಚಾರಿ ಮಾರ್ಗದಲ್ಲಿ ನಿಂತು ಮೊಬೈಲಿನ ಗಡಿಯಾರದಲ್ಲಿ ಹಳದಿಯನ್ನು ಹತ್ತು ಸಲ ಅಳೆದೆ. ಕಡಲೆಕಾಯಿ ಮಾರುವವನು ನನ್ನನ್ನು ಅನುಮಾನದಿಂದ ನೋಡುತ್ತಿದ್ದ. ಹತ್ತು ಸಲವೂ ಮೂರು ಸೆಕೆಂಡಿನ ಆಸುಪಾಸು.

ಲೆಕ್ಕ ಹೀಗೆ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಹಳದಿ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್, ಅಷ್ಟರಲ್ಲಿ 10 ಮೀಟರ್. ಜೋರಾಗಿ ಜಗ್ಗದೆ, ಸೆಕೆಂಡಿನ ವರ್ಗಕ್ಕೆ 3 ಮೀಟರಿನ ಋಣ ವೇಗೋತ್ಕರ್ಷದಲ್ಲಿ ಬ್ರೇಕು ಹಾಕಿದರೆ, ವೇಗದ ವರ್ಗವಾದ 100ನ್ನು 6ರಿಂದ ಭಾಗಿಸಿದಾಗ ಸುಮಾರು 17 ಮೀಟರ್. ಒಟ್ಟು 27 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ನಿಲ್ಲಿಸದೆ ಹೋದರೆ ಹಳದಿಯ ಮೂರು ಸೆಕೆಂಡಿನಲ್ಲಿ 30 ಮೀಟರ್ ಕ್ರಮಿಸುತ್ತದೆ. ಅಂದರೆ ನಿಲುಗಡೆ ರೇಖೆಗೆ 27 ಮೀಟರಿಗಿಂತ ದೂರವಿದ್ದವರು ನಿಲ್ಲಿಸಬಹುದು, 30 ಮೀಟರಿಗಿಂತ ಹತ್ತಿರವಿದ್ದವರು ಕೆಂಪಾಗುವುದರೊಳಗೆ ರೇಖೆ ದಾಟಬಹುದು. ಎರಡೂ ಆಗದ ಜಾಗವೇ ಇಲ್ಲ.

ವೇಗವನ್ನು 54 ಕಿ.ಮೀ.ಗೆ ಏರಿಸಿ ನೋಡಿದೆ. ಸೆಕೆಂಡಿಗೆ 15 ಮೀಟರ್. ನಿಲ್ಲಲು ಬೇಕಾದದ್ದು 52.5 ಮೀಟರ್, ಹಳದಿಯಲ್ಲಿ ಕ್ರಮಿಸುವುದು 45 ಮೀಟರ್. ಈಗ ಏಳೂವರೆ ಮೀಟರಿನ ಒಂದು ಇಕ್ಕಟ್ಟಿನ ಜಾಗ ಸಿಕ್ಕಿತು. ಅಲ್ಲಿ ಸಿಕ್ಕಿಬಿದ್ದವರಿಗೆ ನಿಲ್ಲಲೂ ಆಗದು, ದಾಟಲೂ ಆಗದು. ಆದರೆ ಇದನ್ನು ಯಾರ ಮುಂದೆ ಹೇಳಲಿ? ಆ ರಸ್ತೆಯಲ್ಲಿ, ಆ ಹೊತ್ತಿನಲ್ಲಿ, ಎದುರಿಗೆ ಸಿಗ್ನಲ್ ಕಾಣುತ್ತಿದ್ದಾಗ 54ರ ವೇಗದಲ್ಲಿ ಹೋಗುತ್ತಿದ್ದೆ ಎನ್ನುವುದೇ ಇನ್ನೊಂದು ತಪ್ಪೊಪ್ಪಿಗೆ. ನನ್ನನ್ನು ಬಿಡಿಸಲೆಂದು ಹೂಡಿದ ಲೆಕ್ಕ ನನ್ನ ಕಡೆಗೇ ಬೆರಳು ತೋರಿಸಿತು.

ಚಿತ್ರವನ್ನು ಮಾತ್ರ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನೋಡದೆಯೇ ಮೂರು ದಿನ ವಾದ ಮಾಡಿದ್ದೆ. ಭಾನುವಾರ ರಾತ್ರಿ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ದಂಡದ ಜಾಲತಾಣ ತೆರೆದು ಕಾರಿನ ಸಂಖ್ಯೆ ಹಾಕಿದ. ಬೆಂಗಳೂರಿನಲ್ಲಿ 2022ರ ಡಿಸೆಂಬರಿನಲ್ಲಿ ಬಂದ ವ್ಯವಸ್ಥೆಯಡಿ 50 ಜಂಕ್ಷನ್‌ಗಳಲ್ಲಿ ಸಂಖ್ಯಾಫಲಕ ಓದುವ 250 ಕ್ಯಾಮೆರಾಗಳೂ ಕೆಂಪು ದೀಪದ ಉಲ್ಲಂಘನೆ ಹಿಡಿಯುವ 80 ಕ್ಯಾಮೆರಾಗಳೂ ಇವೆ. ಕೆಂಪು ದೀಪದ ಪ್ರಕರಣದಲ್ಲಿ ಒಂದೇ ಚಿತ್ರ ಸಾಲದು. ದೀಪ ಕೆಂಪಾಗಿರುವಾಗ ವಾಹನ ರೇಖೆಯ ಹಿಂದಿತ್ತು, ಆಮೇಲೆ ರೇಖೆಯ ಮುಂದೆ ಹೋಯಿತು ಎಂದು ಎರಡನ್ನೂ ತೋರಿಸಬೇಕು.

ಎರಡೂ ಚಿತ್ರ ಇದ್ದವು. ಸಂಖ್ಯೆ ನನ್ನದೇ. ಹಿಂದಿನ ಗಾಜಿನ ಮೇಲೆ ನಮ್ಮ ಕಾಲೇಜಿನ ಚೀಟಿಯೂ ಕಾಣುತ್ತಿತ್ತು. ಮೊದಲ ಚಿತ್ರದಲ್ಲಿ ಕಾರು ಬಿಳಿ ಗೆರೆಗೆ ಒಂದು ಕಾರಿನುದ್ದ ಹಿಂದೆ. ದೀಪ ಕೆಂಪು.

"ಅಮ್ಮ, ಕೆಂಪೇ" ಎಂದ ಮಗ. ಅಷ್ಟೇ ಹೇಳಿದ.

ಹಾಗಾದರೆ ನನ್ನ ಹಳದಿ ಎಲ್ಲಿಂದ ಬಂತು? ಸುಳ್ಳು ಹೇಳಿರಲಿಲ್ಲ ನಾನು. ಈಗ ಯೋಚಿಸಿದರೆ ಅನ್ನಿಸುವುದಿಷ್ಟು. ದೂರದಿಂದ ಹಳದಿಯನ್ನು ಕಂಡೆ, ಆಗಲೇ ದಾಟುವುದೆಂದು ತೀರ್ಮಾನಿಸಿದೆ. ತೀರ್ಮಾನವಾದ ಮೇಲೆ ದೀಪದ ಕಡೆ ನೋಡುವುದು ಬಿಟ್ಟೆ. ಎದುರಿನ ವಾಹನ, ಎಡಗಡೆಯ ಆಟೊ, ತಡವಾಗುತ್ತಿದ್ದ ಮುಂದಿನ ಪಾಠ, ಇವೇ ಕಣ್ಣಲ್ಲಿದ್ದವು. ಕೊನೆಯ ಸಲ ನೋಡಿದಾಗ ದೀಪ ಹಳದಿ ಇದ್ದುದರಿಂದ ನೆನಪಿನಲ್ಲಿ ಹಳದಿಯೇ ಉಳಿಯಿತು. ಹಳದಿ ಎಂದರೆ ನಿಲ್ಲು ಎಂದು, ಸುರಕ್ಷಿತವಾಗಿ ನಿಲ್ಲಲಾಗದಷ್ಟು ಹತ್ತಿರ ಬಂದವರಿಗೆ ಮಾತ್ರ ದಾಟಲು ಅವಕಾಶ ಎಂದು ಗೊತ್ತಿದ್ದೂ, ಬೇಗ ದಾಟು ಎಂದು ಓದಿಕೊಂಡಿದ್ದೆ.

ಕಟ್ಟಿಬಿಡೋಣ ಎಂದು ಮಗನಿಗೆ ಹೇಳಿದೆ. ಅವನು ಪುಟ ಕೆಳಗೆ ಸರಿಸುವಾಗ ಚಿತ್ರದ ಮೂಲೆಯಲ್ಲಿದ್ದ ಸಮಯ ಕಣ್ಣಿಗೆ ಬಿತ್ತು. 11:14:32.

ಒಂದು ಕ್ಷಣ ಗಡಿಯಾರ ತಪ್ಪಿದೆ ಅಂದುಕೊಂಡೆ. 11:14ಕ್ಕೆ ನಾನು ಬಸವನಗುಡಿಯ ಶಾಲೆಯಲ್ಲಿ, ಹತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರಬೇಕಿತ್ತು. ಗಂಟೆ ಹೊಡೆಯಲು ಐದು ನಿಮಿಷವಿದ್ದಾಗ, ಅಂದರೆ 11:15ಕ್ಕೆ, ಎದ್ದೆನೆಂದು ಆ ಹುಡುಗಿಗೆ ಹೇಳಿದ್ದೆ. ಶಾಲೆಯಿಂದ ಆ ಸಿಗ್ನಲಿಗೆ ಎರಡೂವರೆ ಕಿಲೋಮೀಟರ್. ಆ ಹೊತ್ತಿನ ಸಂದಣಿಯಲ್ಲಿ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲ. ತರಗತಿಯಿಂದ ಹೊರಬಂದು, ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಸಹಿ ಹಾಕಿ, ಕಾರು ತೆಗೆಯಲು ಎರಡು ನಿಮಿಷವಾದರೂ ಬೇಕು. ಹೇಗೆ ಎಣಿಸಿದರೂ ನಾನು ಎದ್ದದ್ದು 11:02ರ ಹೊತ್ತಿಗೆ. ಅವಳ ಪಾಠದಲ್ಲಿ ಇನ್ನೂ ಹದಿನೆಂಟು ನಿಮಿಷ ಬಾಕಿಯಿತ್ತು.

ಆ ರಾತ್ರಿ ಅವಳ ಪಾಠಯೋಜನೆಯ ಪ್ರತಿಯನ್ನು ಚೀಲದಿಂದ ತೆಗೆದು ನೋಡಿದೆ. 'ಮೌಲ್ಯಮಾಪನ: 10 ನಿಮಿಷ' ಎಂದು ಕೊನೆಯಲ್ಲಿ ಬರೆದಿದ್ದಳು. ಅದು ಶುರುವಾಗುವುದಕ್ಕೂ ಮೊದಲೇ ನಾನು ಎದ್ದಿದ್ದೆ. ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ 'ವೀಕ್ಷಣಾ ಅವಧಿ: 10:40ರಿಂದ 11:20', ಅದರ ಕೆಳಗೆ ನನ್ನ ಸಹಿ.

ಐನೂರು ರೂಪಾಯಿ ಕಟ್ಟುವುದು ಎರಡು ನಿಮಿಷದ ಕೆಲಸ. ಈ ಸಹಿಯನ್ನು ಏನು ಮಾಡುವುದೆಂದು ತಿಳಿಯದೆ ಬಹಳ ಹೊತ್ತು ಕುಳಿತಿದ್ದೆ. ಸುಮ್ಮನಿದ್ದುಬಿಡಬಹುದಿತ್ತು. ದಂಡದ ಚಿತ್ರ ನೋಡಿದವರು ನಾನು ಮತ್ತು ಮಗ ಇಬ್ಬರೇ. ಅವಳು ಆಗಲೇ "ಸರಿ ಮೇಡಂ" ಎಂದು ಹೋಗಿದ್ದಳು.

ಸೋಮವಾರ ಅವಳನ್ನು ಕರೆದೆ. ಇನ್ನೇನು ತಪ್ಪಾಯಿತೋ ಎಂಬ ಮುಖದಲ್ಲೇ ಬಂದಳು. "ಆವತ್ತು ಮೌಲ್ಯಮಾಪನಕ್ಕೆ ಏನು ಮಾಡಿಸಿದೆಯಮ್ಮ?" ಎಂದು ಕೇಳಿದೆ. ಚೀಲದಿಂದ ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ನಲವತ್ತೊಂದು ಚೀಟಿ. ಎರಡು ಪ್ರಶ್ನೆ. ಒಂದು, ನಿಮ್ನ ದರ್ಪಣದ ಮುಂದೆ ವಸ್ತುವನ್ನು ವಕ್ರತಾ ಕೇಂದ್ರದಿಂದಾಚೆ ಇಟ್ಟಾಗಿನ ರೇಖಾಚಿತ್ರ. ಇನ್ನೊಂದು, ವಾಹನಗಳಲ್ಲಿ ಹಿನ್ನೋಟಕ್ಕೆ ಪೀನ ದರ್ಪಣವನ್ನೇ ಏಕೆ ಬಳಸುತ್ತಾರೆ? ನೇರವಾದ, ಚಿಕ್ಕದಾದ ಬಿಂಬ, ಹೆಚ್ಚು ವಿಸ್ತಾರದ ನೋಟ ಎಂದು ಬಹಳ ಮಕ್ಕಳು ಬರೆದಿದ್ದರು. ಒಬ್ಬ ಹುಡುಗ, 'ಹಿಂದೆ ಇರುವವರೆಲ್ಲ ಕಾಣಲಿ ಎಂದು' ಎಂದಷ್ಟೇ ಬರೆದಿದ್ದ. ಅವಳು ಅದಕ್ಕೂ ಅರ್ಧ ಅಂಕ ಕೊಟ್ಟು, 'ಸರಿ, ಹೇಗೆ ಕಾಣುತ್ತಾರೆ?' ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದಳು. ಎಲ್ಲ ಚೀಟಿಗಳನ್ನೂ ಹೀಗೇ ತಿದ್ದಿದ್ದಳು.

"ಇದನ್ನು ಅವತ್ತೇ ಯಾಕೆ ತೋರಿಸಲಿಲ್ಲ?" ಎಂದೆ.

"ತಂದಿದ್ದೆ ಮೇಡಂ. ನೀವು ಐದು ನಿಮಿಷ ಇತ್ತು ಅಂದ್ರಲ್ಲ. ನಿಮ್ಮ ಮಾತಿಗೆ ಎದುರಾಡಿದ ಹಾಗಾಗುತ್ತೆ ಅಂತ..." ಎಂದಳು.

ನಾನು ದಂಡದ ಕಥೆಯನ್ನು ಅವಳಿಗೆ ಹೇಳಿದೆ. ಸಮಯವನ್ನೂ ಹೇಳಿದೆ. ತಪ್ಪು ನನ್ನದು, ತಿದ್ದುತ್ತೇನೆ ಎಂದೆ. ಅವಳು ನಗಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. "ಥ್ಯಾಂಕ್ಸ್ ಮೇಡಂ" ಎಂದು ಚೀಟಿಗಳನ್ನು ಎಣಿಸಿ ಮತ್ತೆ ಕಟ್ಟಿಕೊಂಡಳು. ಅದು ನ್ಯಾಯವೇ. ನಾನು ಅವಳಿಗೆ ಕೊಟ್ಟದ್ದು ಉಪಕಾರವಲ್ಲ, ಬಾಕಿ.

ಪ್ರಾಂಶುಪಾಲರ ಹತ್ತಿರ ಹೋಗಲು ಇನ್ನೂ ಎರಡು ದಿನ ಬೇಕಾಯಿತು. ಅವರು ಪೂರ್ತಿ ಕೇಳಿಸಿಕೊಂಡು, "ಅಂಕ ತಿದ್ದಿ, ಪರವಾಗಿಲ್ಲ. ಆದರೆ ಅವಧಿಯನ್ನೂ ತಿದ್ದಬೇಕಾ? ನಿಮ್ಮೊಬ್ಬರದು ತೆಗೆದರೆ ಎಲ್ಲರದೂ ತೆಗೆಯಬೇಕಾಗುತ್ತಲ್ಲ ಮೇಡಂ" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಒಂದೇ ಅವಧಿಯಲ್ಲಿ ಮೂರು ಕೊಠಡಿಗಳಲ್ಲಿ ಪಾಠ ನಡೆಯುತ್ತಿದ್ದರೆ ಮೂರಕ್ಕೂ ಪೂರ್ತಿ ಅವಧಿಯೆಂದು ಸಹಿ ಹಾಕುವುದು ನಮ್ಮಲ್ಲಿ ಹೊಸತಲ್ಲ. ಮಾರ್ಗದರ್ಶಕರು ಕಡಿಮೆ, ಶಾಲೆಗಳು ದೂರ, ಪಾಠಗಳ ಸಂಖ್ಯೆ ಮುಗಿಯಲೇಬೇಕು. ಕಾರಣಗಳೆಲ್ಲ ನಿಜ. ಸಿಗ್ನಲಿನಲ್ಲಿ ನನ್ನ ಅವಸರಕ್ಕೂ ಕಾರಣ ನಿಜವೇ ಆಗಿತ್ತು.

ಕೊನೆಗೆ ಅವಧಿಯನ್ನೂ ತಿದ್ದಿದೆ. ಹಳೆಯ ಷರಾದ ಮೇಲೆ ಒಂದು ಗೆರೆ ಎಳೆದು, ಓದಲು ಬರುವಂತೆಯೇ ಬಿಟ್ಟು, ಕೆಳಗೆ ಬರೆದೆ: "ವೀಕ್ಷಿಸಿದ್ದು 10:40ರಿಂದ 11:02ರವರೆಗೆ. ಮೌಲ್ಯಮಾಪನ ಹಂತವನ್ನು ನಾನು ನೋಡಿಲ್ಲ. ತಿದ್ದಿದ ಉತ್ತರ ಚೀಟಿಗಳನ್ನು ನೋಡಿ ಅಂಕ ಪರಿಷ್ಕರಿಸಿದ್ದೇನೆ." ದಿನಾಂಕ, ಸಹಿ.

ನನ್ನನ್ನು ಇಂದಿಗೂ ಕಾಡುವುದು ಆ ಒಂದು ಪುಸ್ತಕವಲ್ಲ. ಆ ಸಾಲಿನಲ್ಲಿ ನಾನು ಅರವತ್ತಕ್ಕೂ ಹೆಚ್ಚು ಪಾಠಗಳಿಗೆ ಷರಾ ಬರೆದಿದ್ದೆ. ಎಷ್ಟನ್ನು ಪೂರ್ತಿ ನೋಡಿದೆ, ಎಷ್ಟರಲ್ಲಿ ಎದ್ದು ಹೋದೆ, 'ಹಂತ ಬಿಟ್ಟಿದ್ದಾರೆ' ಎಂದು ಬರೆದ ಎಷ್ಟು ಕಡೆ ಬಿಟ್ಟವಳು ನಾನೇ ಆಗಿದ್ದೆ? ಹೇಳಲು ಬರುವುದಿಲ್ಲ. ಆ ಪಾಠಗಳಿಂದ ಹೊರಟ ದಾರಿಯಲ್ಲಿ ಯಾವ ಕ್ಯಾಮೆರಾವೂ ನನ್ನನ್ನು ಹಿಡಿದಿರಲಿಲ್ಲ.

ಅಂದಿನಿಂದ ಕೆಲವು ಬದಲಾವಣೆ ಮಾಡಿಕೊಂಡಿದ್ದೇನೆ. ತರಗತಿಯೊಳಗೆ ಹೋದ ಸಮಯ, ಹೊರಬಂದ ಸಮಯ ಎರಡನ್ನೂ ಅಲ್ಲಿಯೇ, ಗಡಿಯಾರ ನೋಡಿ ಬರೆಯುತ್ತೇನೆ. ನೋಡದ ಹಂತದ ಮುಂದೆ 'ನೋಡಿಲ್ಲ' ಎಂದು ಬರೆಯುತ್ತೇನೆ, 'ಇಲ್ಲ' ಎಂದಲ್ಲ. ಈ ಎರಡು ಪದಗಳ ನಡುವಿನ ಅಂತರ ತಿಳಿಯಲು ನನಗೆ ಐನೂರು ರೂಪಾಯಿ ಬೇಕಾಯಿತು. 'ಸಮಯಪ್ರಜ್ಞೆ ಇಲ್ಲ' ಎಂಬಂತಹ ತೀರ್ಪು ಬರೆಯುವ ಮೊದಲು ಅದಕ್ಕೆ ಆಧಾರವಾದ ಘಟನೆಯನ್ನು ಒಂದು ಸಾಲಿನಲ್ಲಿ ಬರೆಯುತ್ತೇನೆ. ಅಂಕ ಹಾಕುವ ಮುನ್ನ ಷರಾವನ್ನು ಪ್ರಶಿಕ್ಷಣಾರ್ಥಿಗೆ ತೋರಿಸಿ, ಪುಟದ ಕೆಳಗೆ ಅವರ ಮಾತಿಗೂ ನಾಲ್ಕು ಸಾಲಿನ ಜಾಗ ಬಿಡುತ್ತೇನೆ. ಗುರುತು ಪರಿಚಯವಿಲ್ಲದ ಚಾಲಕಿಗೆ ನಿಯಮವೊಂದು ಚಿತ್ರ, ಸಮಯ, ಸ್ಥಳ, ಆಕ್ಷೇಪಿಸುವ ಹಕ್ಕು ಎಲ್ಲವನ್ನೂ ಕೊಟ್ಟಿತ್ತು. ದಿನವೂ ಎದುರಿಗೆ ಕಾಣುವ ವಿದ್ಯಾರ್ಥಿನಿಗೆ ನಾನು ಅಷ್ಟನ್ನೂ ಕೊಟ್ಟಿರಲಿಲ್ಲ. ಇನ್ನು, ಒಂದೇ ಬೆಳಿಗ್ಗೆ ಎರಡು ಶಾಲೆ ನೋಡಬೇಕಾದರೆ ನಡುವೆ ಒಂದು ಪೂರ್ತಿ ಅವಧಿಯನ್ನು ಖಾಲಿ ಬಿಡುವಂತೆ ವೇಳಾಪಟ್ಟಿ ಹಾಕಿಸಿಕೊಂಡಿದ್ದೇನೆ. ಇದರಿಂದ ವಾರಕ್ಕೆ ಎರಡು ಮೂರು ಪಾಠ ಕಡಿಮೆ ನೋಡುತ್ತೇನೆ. ಪ್ರಾಂಶುಪಾಲರು ಇದನ್ನು ಪೂರ್ತಿ ಮೆಚ್ಚಿಲ್ಲ.

ದಂಡದ ಸಂದೇಶ ಬಂದವರಿಗೆ ಒಂದು ಮಾತು. ಕೋಪ ಮಾಡಿಕೊಳ್ಳುವ ಮೊದಲು ಚಿತ್ರ ನೋಡಿ. ಸಂಖ್ಯೆ, ವಾಹನದ ಬಣ್ಣ, ಮಾದರಿ, ದೀಪ, ಬಿಳಿ ಗೆರೆ, ಸಮಯ, ಒಂದೊಂದನ್ನೂ ಹೋಲಿಸಿ. ನಿಮ್ಮದಲ್ಲದಿದ್ದರೆ ಖಂಡಿತ ಆಕ್ಷೇಪಿಸಿ, ಬೇರೆ ಕಡೆ ಇದ್ದದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ನಿಮ್ಮದೇ ಆಗಿದ್ದರೆ ಕಟ್ಟಿ.

ಪ್ರಶಿಕ್ಷಣಾರ್ಥಿಗಳಿಗೂ ಒಂದು ಮಾತು. ನಿಮ್ಮ ಪಾಠದ ನಡುವೆ ನಾನಾಗಲಿ ನನ್ನಂಥವರಾಗಲಿ ಎದ್ದು ಹೊರಟರೆ, ಪಾಠ ನಿಲ್ಲಿಸಬೇಡಿ. ಪಾಠಯೋಜನೆಯ ಅಂಚಿನಲ್ಲಿ ಸಮಯ ಬರೆದುಕೊಳ್ಳಿ. ಮಕ್ಕಳ ಚೀಟಿಗಳನ್ನು ಜೋಪಾನವಾಗಿಡಿ. ಆಮೇಲೆ ಷರಾದಲ್ಲಿ ಬೇರೆಯದೇ ಕಂಡರೆ ಪುಸ್ತಕ ಮಡಿಸಿಕೊಂಡು ಹೋಗಬೇಡಿ. ಚೀಟಿಗಳನ್ನು ಮೇಜಿನ ಮೇಲಿಟ್ಟು, "ಮೇಡಂ, ನೀವು ಎಷ್ಟು ಹೊತ್ತಿಗೆ ಎದ್ದಿರಿ?" ಎಂದು ಕೇಳಿ. ಅದು ಎದುರಾಡುವುದಲ್ಲ. ಕೇಳಿಸಿಕೊಂಡವರಿಗೆ ಮೊದಲು ಕಸಿವಿಸಿಯಾಗಬಹುದು. ನನಗೂ ಆಗಿತ್ತು.